ಸೈಕಲ್ ಓಡಿಸುವಾಗ ಕಿವಿಯಲ್ಲಿ ಭೋರ್ ಅನ್ನುವ ಗಾಳಿ, ಇದಕ್ಕೆ ಏನು ಮಾಡುತ್ತೀರಿ?

ಎದುರುಗಾಳಿ:

ಎಲ್ಲರಿಗೂ ನಮಸ್ಕಾರ. ಗಂಟೆಗೆ 20 ಕಿಮೀ ವೇಗದವರೆಗೆ ನನಗೆ ಏನೂ ತೊಂದರೆ ಇಲ್ಲ. ಚೈನ್ ಸದ್ದು, ಟೈರ್ ಸದ್ದು, ಹಿಂದೆ ಬರುವ ಗಾಡಿ, ಎಲ್ಲ ಚೆನ್ನಾಗಿ ಕೇಳಿಸುತ್ತದೆ. 25 ದಾಟಿದ್ದೇ ತಡ, ಕಿವಿಯಲ್ಲಿ ಭೋರ್ ಅಂತ ಶುರು. ಗಾಳಿ ಎದುರಿಗಿದ್ದರೆ 15ಕ್ಕೇ ಶುರು. ಇಳಿಜಾರಿನ ಮಾತು ಬಿಡಿ, ಅಲ್ಲಿ ಕಾರು ಪಕ್ಕಕ್ಕೆ ಬಂದ ಮೇಲೇ ಗೊತ್ತಾಗುವುದು, ಎದೆ ಧಸಕ್ಕೆನ್ನುತ್ತದೆ.

ಬಲಗಿವಿಯಲ್ಲಿ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಯಾಕೋ ಗೊತ್ತಿಲ್ಲ. ಹೆಲ್ಮೆಟ್ ಮಾಮೂಲಿಯದು, ಮೇಲೆಲ್ಲ ಗಾಳಿಕಂಡಿ ಇರುವಂಥದ್ದು, ತಲೆಗೆ ಸರಿಯಾಗಿ ಕೂರುತ್ತದೆ. ಕನ್ನಡಕ ಹಾಕುತ್ತೇನೆ. ಶಬ್ದ ತಗ್ಗಿಸುವ ಇಯರ್‌ಬಡ್ ಕೂಡ ಹಾಕಿ ನೋಡಿದೆ, ಹಾಡು ಏನೂ ಹಾಕದೆ, ಸುಮ್ನೆ ಗಾಳಿ ಸದ್ದು ಕಡಿಮೆಯಾಗಲಿ ಅಂತ. ಅದು ಇನ್ನೂ ವಿಚಿತ್ರ, ಗಾಳಿ ಜೋರಾಗಿ ಬೀಸಿದಾಗಲೆಲ್ಲ ಒಳಗೆ ಡಬ್ ಡಬ್ ಅಂತ ಬಡಿಯುತ್ತದೆ.

ನನಗೆ ಬೇಕಾದ್ದು ಇಷ್ಟು. ಹೆಲ್ಮೆಟ್ ಬದಲಾಯಿಸಿದರೆ ಇದು ಹೋಗುತ್ತದಾ? ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅನ್ನುವವರಿದ್ದಾರೆ, ಆದರೆ ಆಗ ರಸ್ತೆಯ ಸದ್ದೂ ಕೇಳುವುದಿಲ್ಲವಲ್ಲ? ಇನ್ನೊಂದು, ತುಂಬಾ ಹೊತ್ತು ಓಡಿಸಿ ಬಂದ ದಿನ ಸಂಜೆ ತನಕ ಕಿವಿ ಗುಂಯ್ ಅನ್ನುತ್ತಿರುತ್ತದೆ. ಇದರಿಂದ ಕಿವಿ ಹಾಳಾಗುತ್ತದಾ, ಇಲ್ಲ ನಾನೇ ಸುಮ್ಮಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೇನಾ?

ಪಂಕ್ಚರ್_ಪುರಾಣ:

ನಿಧಾನ ಹೋಗಿ ಗುರು, ಎಲ್ಲ ಸರಿಯಾಗುತ್ತದೆ :)

ತಮಾಷೆ ಬಿಡಿ. ಹೆಲ್ಮೆಟ್ ಬದಲಾಯಿಸಲು ಮಾತ್ರ ಈಗಲೇ ಹೊರಡಬೇಡಿ. ಹೆಲ್ಮೆಟ್ಟೇ ಇಲ್ಲದೆ ಓಡಿಸಿದರೂ ಈ ಸದ್ದು ಇರುತ್ತದೆ, ಸ್ವಲ್ಪ ಕಡಿಮೆ ಇರಬಹುದು ಅಷ್ಟೇ. ಹಾಗಂತ ಹೆಲ್ಮೆಟ್ ತೆಗೆದಿಟ್ಟು ಹೊರಟುಬಿಡಬೇಡಿ ಮತ್ತೆ.

ಮೂರನೇ_ಗೇರ್:

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಗಾಡಿ ಓಡಾಟ ಇಲ್ಲದ ನೇರ ರಸ್ತೆ ನೋಡಿಕೊಳ್ಳಿ. ಸದ್ದು ಬರುವ ವೇಗಕ್ಕೆ ಹೋಗಿ. ಒಂದು ಕೈಯಲ್ಲಿ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಇನ್ನೊಂದು ಅಂಗೈಯ ಅಂಚನ್ನು ಕಿವಿಯ ಮುಂದೆ ಕೆನ್ನೆಗೆ ಒತ್ತಿ ಹಿಡಿಯಿರಿ. ಕಿವಿ ಮುಚ್ಚಬಾರದು, ಅದರ ಮುಂದೆ ಒಂದು ಅಡ್ಡಗೋಡೆ ಎದ್ದ ಹಾಗಿರಬೇಕು. ಭೋರ್ ಅನ್ನುವುದು ಥಟ್ಟನೆ ಇಳಿದುಹೋಗುತ್ತದೆ. ಹಿಂದಿನ ಗಾಡಿ ಸದ್ದು ಮಾತ್ರ ಹಾಗೇ ಇರುತ್ತದೆ, ಇನ್ನೂ ಚೆನ್ನಾಗಿಯೇ ಕೇಳಿಸುತ್ತದೆ. ಒಂದು ಕೈ ಬಿಟ್ಟು ಓಡಿಸುವ ಅಭ್ಯಾಸ ಇಲ್ಲದಿದ್ದರೆ ಬೇಡ, ಮನೆಯಲ್ಲೇ ಟೇಬಲ್ ಫ್ಯಾನ್ ಜೋರಾಗಿ ಹಾಕಿ ಅದರ ಮುಂದೆ ಹೆಲ್ಮೆಟ್ ಹಾಕಿಕೊಂಡು ನಿಂತರೂ ಅಂದಾಜು ಸಿಗುತ್ತದೆ. ಮನೆಯವರು ನಗುತ್ತಾರೆ, ನಗಲಿ.

ಇದರಿಂದ ಏನು ಗೊತ್ತಾಗುತ್ತದೆ ಅಂದರೆ, ಆ ಸದ್ದು ಎಲ್ಲಿಂದಲೋ ಹೊರಟು ನಿಮ್ಮ ಕಿವಿಗೆ ಬರುತ್ತಿಲ್ಲ, ನಿಮ್ಮ ಕಿವಿಯ ಹತ್ತಿರವೇ ಹುಟ್ಟುತ್ತಿದೆ. ಗಾಳಿ ಮುಖದ ಮೇಲೆ ಜಾರಿಕೊಂಡು ಬರುತ್ತದೆ, ಕೆನ್ನೆಮೂಳೆ ದಾಟಿದ ಕೂಡಲೇ ಚರ್ಮದಿಂದ ಬಿಟ್ಟುಕೊಂಡು ಸುಳಿಸುಳಿಯಾಗಿ ಒಡೆಯುತ್ತದೆ, ಆ ಸುಳಿಗಳೆಲ್ಲ ಕಿವಿಯ ಮಡಿಕೆಗಳ ಮೇಲೆ ಹೋಗಿ ಬೀಳುತ್ತವೆ. ಪ್ರತಿ ಸುಳಿಯೂ ಒತ್ತಡವನ್ನು ಮೇಲೆ ಕೆಳಗೆ ಮಾಡುತ್ತದೆ, ಕಿವಿತಮಟೆಗೆ ಅದೇ ಸದ್ದು.

ಇದಕ್ಕೆ ಹೆಲ್ಮೆಟ್ ಪಟ್ಟಿಯೂ ಸೇರಿಕೊಳ್ಳುತ್ತದೆ. ಕಿವಿಯ ಮುಂದೆ ಇಳಿಯುವ ಪಟ್ಟಿ ಕೆನ್ನೆಗೆ ಅಂಟಿಕೊಂಡಿದ್ದರೆ ಪರವಾಗಿಲ್ಲ. ಕೆನ್ನೆ ಬಿಟ್ಟು ಗಾಳಿಯಲ್ಲಿ ನಿಂತಿದ್ದರೆ ಅದರ ಹಿಂದೆ ಸುಳಿಗಳ ಸಾಲೇ ಹುಟ್ಟುತ್ತದೆ, ಕಿವಿ ಇರುವುದೂ ಸರಿಯಾಗಿ ಅಲ್ಲೇ. ನಿಮ್ಮ ಬಲಗಿವಿಯ ಕಥೆ ಬಹುಶಃ ಇದೇ. ಕನ್ನಡಿ ಮುಂದೆ ನಿಂತು ಎರಡೂ ಕಡೆ ಹೋಲಿಸಿ ನೋಡಿ. ಪಟ್ಟಿ ಎಲ್ಲಾದರೂ ತಿರುಚಿಕೊಂಡಿದೆಯಾ? ಮುಂದಿನ ಪಟ್ಟಿ, ಹಿಂದಿನ ಪಟ್ಟಿ ಸೇರುವ ಪ್ಲಾಸ್ಟಿಕ್ ಕ್ಲಿಪ್ ಕಿವಿಯ ಹಾಲೆಗಿಂತ ಸ್ವಲ್ಪ ಕೆಳಗೆ ಬರಬೇಕು. ಒಂದು ಕಡೆ ಅದು ದವಡೆ ತನಕ ಜಾರಿರುತ್ತದೆ, ಆ ಕಡೆ ಪಟ್ಟಿ ಸಡಿಲವಾಗಿ ಬಿಲ್ಲಿನ ಹಾಗೆ ಹೊರಗೆ ಉಬ್ಬಿರುತ್ತದೆ. ಗದ್ದದ ಕೆಳಗೆ ಉಳಿದ ತುದಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅದನ್ನು ಮಡಚಿ ರಬ್ಬರ್ ರಿಂಗಿನೊಳಗೆ ಸೇರಿಸಿ.

ಕನ್ನಡಕದ ಕಡ್ಡಿ ಪಟ್ಟಿಯ ಹೊರಗಡೆಯಿಂದ ಬರಬೇಕು, ಪಟ್ಟಿಗೂ ಕೆನ್ನೆಗೂ ನಡುವೆ ಅಲ್ಲ. ನಡುವೆ ಬಂದರೆ ಕಡ್ಡಿಯೇ ಪಟ್ಟಿಯನ್ನು ಎತ್ತಿ ಹಿಡಿಯುತ್ತದೆ. ಇದನ್ನು ಯಾರೂ ಗಮನಿಸುವುದಿಲ್ಲ.

ಹೆಲ್ಮೆಟ್ ವಿಷಯಕ್ಕೆ ಬಂದರೆ, ಕಿವಿಯನ್ನೇ ಮುಚ್ಚುವ ರೇಸ್ ಹೆಲ್ಮೆಟ್‌ಗಳಲ್ಲಿ ಸದ್ದು ಕಡಿಮೆ, ಆದರೆ ಸೆಕೆಯಲ್ಲಿ ತಲೆ ಬೇಯುತ್ತದೆ. ಮಾಮೂಲಿ ಹೆಲ್ಮೆಟ್ ಕೊಟ್ಟು ಇನ್ನೊಂದು ಮಾಮೂಲಿ ಹೆಲ್ಮೆಟ್ ತಗೊಂಡರೆ ದೊಡ್ಡ ವ್ಯತ್ಯಾಸ ಏನೂ ಆಗುವುದಿಲ್ಲ.

ಸದ್ದು_ಗದ್ದಲ:

ಶಬ್ದ ಅಳೆಯುವ ಕೆಲಸದಲ್ಲೇ ಇರುವವನು ನಾನು. ಹಾಗಾಗಿ ಕಿವಿಗೆ ಏನಾದರೂ ಆಗುತ್ತದಾ ಅನ್ನುವ ಪ್ರಶ್ನೆಗೆ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರಾದರೆ ಮುಂದೆ ಹೋಗಿ.

ಮೊದಲನೆಯದು ವೇಗ. ಇಲ್ಲಿ ಮೀಟರ್‌ನಲ್ಲಿ ಕಾಣುವ ವೇಗ ಮುಖ್ಯ ಅಲ್ಲ, ಕಿವಿಯ ಪಕ್ಕ ಗಾಳಿ ಎಷ್ಟು ವೇಗದಲ್ಲಿ ಹಾಯುತ್ತದೆ ಅನ್ನುವುದು ಮುಖ್ಯ. ನೀವು 25ರಲ್ಲಿ ಹೋಗುತ್ತಿದ್ದೀರಿ, ಎದುರಿನಿಂದ ಗಾಳಿ 15ರಲ್ಲಿ ಬೀಸುತ್ತಿದೆ ಅಂದರೆ ನಿಮ್ಮ ಕಿವಿಗೆ ಅದು 40. ಗಾಳಿ ಬೆನ್ನ ಹಿಂದಿದ್ದರೆ ಅದೇ ಕಿವಿಗೆ 10, ಆಗ ಲೋಕವೇ ಮೌನ. ಗಾಳಿಯ ವೇಗ ಎರಡರಷ್ಟಾದರೆ ಸದ್ದು ಎರಡರಷ್ಟಾಗಿ ನಿಲ್ಲುವುದಿಲ್ಲ, ಸ್ಥೂಲವಾಗಿ 12ರಿಂದ 18 ಡೆಸಿಬಲ್ ಏರುತ್ತದೆ. 10 ಡೆಸಿಬಲ್ ಏರಿದರೇ ನಮ್ಮ ಕಿವಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸುತ್ತದೆ. 20 ಕಿಮೀ ವೇಗದಲ್ಲಿ ಏನೂ ಇಲ್ಲದ್ದು 25 ದಾಟಿದ್ದೇ ತಡ ಶುರುವಾಗುತ್ತದೆ ಅಂದಿರಲ್ಲ, ಕಾರಣ ಇದೇ. ಸದ್ದು ಮುಂಚೆಯೂ ಇತ್ತು, ಆದರೆ ಬಾಕಿ ಸದ್ದುಗಳ ಕೆಳಗಿತ್ತು, ಈಗ ಎಲ್ಲವನ್ನೂ ಮೀರಿ ಮೇಲೆ ಬಂತು.

ಎರಡನೆಯದು ಮೂರನೇ_ಗೇರ್ ಅವರು ಹೇಳಿದ ಪಟ್ಟಿ. ಗಾಳಿಗೆ ಅಡ್ಡ ನಿಂತ ತಂತಿ ಯಾಕೆ ಹಾಡುತ್ತದೆ ಅಂತ 1878ರಲ್ಲೇ ಸ್ಟ್ರೌಹಾಲ್ ಅನ್ನುವ ಚೆಕ್ ಭೌತವಿಜ್ಞಾನಿ ಲೆಕ್ಕ ಹಾಕಿಟ್ಟಿದ್ದಾರೆ. ಗಾಳಿಯ ವೇಗವನ್ನು ತಂತಿಯ ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸ್ವರ ಎಷ್ಟು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಕಂಪನ, ಅಂತ ಹೆಚ್ಚುಕಡಿಮೆ ಸಿಗುತ್ತದೆ. 30 ಕಿಮೀ ಅಂದರೆ ಸೆಕೆಂಡಿಗೆ 8.3 ಮೀಟರ್. ಪಟ್ಟಿಯ 2 ಮಿಮೀ ಅಂಚು ಗಾಳಿಗೆ ಎದುರಾಗಿದ್ದರೆ 800 ಹರ್ಟ್ಸ್ ಆಸುಪಾಸು, ಅದು ಸುಯ್ ಅನ್ನುವ ಸದ್ದು. ಅದೇ ಪಟ್ಟಿ ತಿರುಚಿಕೊಂಡು 15 ಮಿಮೀ ಅಗಲದ ಮುಖವನ್ನೇ ಗಾಳಿಗೆ ಒಡ್ಡಿದರೆ ನೂರು ಹರ್ಟ್ಸ್ ಸುತ್ತಮುತ್ತ, ಅದು ಗುಡುಗು. ನಿಮ್ಮ ಬಲಗಿವಿಯಲ್ಲಿ ಬರುವುದು ಯಾವುದು ಅಂತ ಕೇಳಿ ನೋಡಿ, ಪಟ್ಟಿ ಹೇಗೆ ಕೂತಿದೆ ಅಂತ ಅದೇ ಹೇಳುತ್ತದೆ.

ಈಗ ಕಿವಿಯ ಆರೋಗ್ಯ. 2017ರಲ್ಲಿ ಅಮೆರಿಕದ ಕಿವಿ-ಗಂಟಲು ವೈದ್ಯರ ಒಂದು ತಂಡ ಇದನ್ನು ಗಾಳಿಸುರಂಗದಲ್ಲಿ ಅಳೆದು ಪ್ರಕಟಿಸಿತ್ತು. ಮಾಮೂಲಿ ಸೈಕಲ್ ವೇಗಕ್ಕೇ 85 ಡೆಸಿಬಲ್ ಆಸುಪಾಸು ಬಂತು, ಗಂಟೆಗೆ 60 ಮೈಲಿಗೆ, ಅಂದರೆ ಸುಮಾರು 97 ಕಿಮೀಗೆ, 120 ಬಂತು. ಈ 85ಕ್ಕೆ ಯಾಕೆ ಬೆಲೆ ಅಂದರೆ, ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಷ್ (NIOSH) ಸಂಸ್ಥೆ ಕಾರ್ಖಾನೆ ಕೆಲಸಗಾರರಿಗೆ ಹಾಕಿರುವ ಗೆರೆ ಅದೇ: ದಿನಕ್ಕೆ 8 ಗಂಟೆ, 85 ಡೆಸಿಬಲ್. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ.

ಹೆದರಬೇಡಿ, ಇಲ್ಲೊಂದು ತಿರುವಿದೆ. ಗಾಳಿ ಸದ್ದಿನ ಬಲವೆಲ್ಲ ಇರುವುದು ತಗ್ಗಿನ ಸ್ವರಗಳಲ್ಲಿ. ಕಾರ್ಖಾನೆಯ ಗೆರೆಯನ್ನು ಅಳೆಯುವಾಗ ತಗ್ಗಿನ ಸ್ವರಗಳಿಗೆ ತೂಕ ಕಡಿಮೆ ಕೊಡುತ್ತಾರೆ, ಕಿವಿಗೆ ಅವುಗಳಿಂದ ಪೆಟ್ಟು ಕಡಿಮೆ ಅಂತ. ಹಾಗಾಗಿ ಗಾಳಿಯ 90 ಡೆಸಿಬಲ್ಲೂ ಗರಗಸದ 90 ಡೆಸಿಬಲ್ಲೂ ಒಂದೇ ಅಲ್ಲ. ವಾರಕ್ಕೊಮ್ಮೆ ಗಂಟೆಗಟ್ಟಲೆ ಓಡಿಸುವವರು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ದಿನಾ ಉದ್ದುದ್ದ ಓಡಿಸುವವರು, ಅದರಲ್ಲೂ ಸಂಜೆ ತನಕ ಕಿವಿ ಗುಂಯ್ ಅನ್ನುವವರು, ಅಂದರೆ ನೀವು, ಏನಾದರೂ ಮಾಡಬೇಕು. ಆ ಗುಂಯ್ ಮಾರನೇ ದಿನವೂ ಉಳಿದರೆ ನಮ್ಮನ್ನು ಕೇಳಬೇಡಿ, ಕಿವಿ ಡಾಕ್ಟರ್ ಹತ್ತಿರ ಹೋಗಿ.

ಕಾರು ಪಕ್ಕಕ್ಕೆ ಬಂದ ಮೇಲೇ ಗೊತ್ತಾಗುವುದು ಅಂದಿರಲ್ಲ, ಅದರ ಹಿಂದೆಯೂ ಇದೇ ತಗ್ಗಿನ ಸ್ವರ. ಜೋರಾದ ತಗ್ಗು ಸ್ವರ ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುತ್ತದೆ, ಅದಕ್ಕೆ ಉಲ್ಟಾ ಅಷ್ಟಾಗಿ ಆಗುವುದಿಲ್ಲ. ಕಾರಿನ ಟೈರ್ ಸದ್ದು ಇರುವುದು ಸಾವಿರ ಹರ್ಟ್ಸ್ ಆಸುಪಾಸಿನಲ್ಲಿ. ಗಾಳಿ ಸರಿಯಾಗಿ ಅದರ ಮೇಲೆ ಹೊದಿಕೆ ಹೊದಿಸಿಬಿಡುತ್ತದೆ. ನನ್ನನ್ನು ಕೇಳಿದರೆ ಕಿವಿ ಹಾಳಾಗುವುದಕ್ಕಿಂತ ಇದೇ ದೊಡ್ಡ ಅಪಾಯ.

ಎದುರುಗಾಳಿ:

ಅಬ್ಬಾ, ಇಷ್ಟೆಲ್ಲ ಇದೆಯಾ ಇದರಲ್ಲಿ.

ಅಂಗೈ ಪರೀಕ್ಷೆ ಮಾಡಿದೆ. ನಂಬಲಿಕ್ಕೇ ಆಗಲಿಲ್ಲ, ಕೈ ಇಟ್ಟ ಕಡೆ ಯಾರೋ ಕಿಟಕಿ ಮುಚ್ಚಿದ ಹಾಗೆ. ಕೈ ತೆಗೆದರೆ ಮತ್ತೆ ಭೋರ್. ಕನ್ನಡಿಯಲ್ಲಿ ನೋಡಿದರೆ ಬಲಗಡೆ ಕ್ಲಿಪ್ ಒಂದೂವರೆ ಬೆರಳು ಕೆಳಗಿತ್ತು, ಪಟ್ಟಿ ಒಂದು ಸುತ್ತು ತಿರುಚಿಕೊಂಡಿತ್ತು. ಸರಿ ಮಾಡಿದೆ. ಎರಡೂ ಕಿವಿ ಈಗ ಸಮ, ಬಲಗಡೆಯ ಗುಡುಗು ಹೋಯಿತು. ಆದರೆ ಒಟ್ಟು ಸದ್ದು ಇನ್ನೂ ಇದೆ, 30 ದಾಟಿದರೆ ಜೋರಾಗಿಯೇ ಇದೆ. ದಿನವಿಡೀ ಅಂಗೈ ಹಿಡಿದುಕೊಂಡು ಓಡಿಸಲಿಕ್ಕಂತೂ ಆಗುವುದಿಲ್ಲ. ಆ ಅಂಗೈಯ ಕೆಲಸ ಮಾಡುವಂಥದ್ದು ಏನಾದರೂ ಸಿಗುತ್ತದಾ?

ಉಬ್ಬುತಗ್ಗು:

ಸಿಗುತ್ತದೆ. ಹೆಲ್ಮೆಟ್ ಪಟ್ಟಿಗೆ ಸುತ್ತುವ ತುಪ್ಪುಳಿನ ತೋಳುಗಳು ಅಂತ ಇಟ್ಟುಕೊಳ್ಳಿ. ಕ್ಯಾಟ್-ಇಯರ್ಸ್ ಅನ್ನುವ ಹೆಸರಿನಲ್ಲಿ ರೆಡಿಮೇಡ್ ಬರುತ್ತವೆ, ಬೇರೆಯವರೂ ಮಾಡುತ್ತಾರೆ. ಆದರೆ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ನಾನು ಹಾಕಿಕೊಂಡಿರುವುದೂ ಮನೆಯಲ್ಲಿ ಹೊಲಿದದ್ದೇ.

ಮಕ್ಕಳ ಆಟದ ಕರಡಿಗೆ ಹಾಕುತ್ತಾರಲ್ಲ, ಉದ್ದ ಕೂದಲಿನ ಬಟ್ಟೆ, ಅದು ಬೇಕು. ಕೂದಲು ಒಂದೂವರೆ ಎರಡು ಸೆಂಟಿಮೀಟರ್ ಉದ್ದ ಇದ್ದರೆ ಒಳ್ಳೆಯದು. ತೀರಾ ಗಿಡ್ಡ ಇದ್ದರೆ ಅಷ್ಟು ಕೆಲಸ ಮಾಡುವುದಿಲ್ಲ, ತೀರಾ ಉದ್ದ ಇದ್ದರೆ ಕಿವಿಯೊಳಗೆ ಹೋಗಿ ಕಚಗುಳಿ ಇಡುತ್ತದೆ. 10-12 ಸೆಂಟಿಮೀಟರ್ ಉದ್ದ, 6-7 ಅಗಲದ ಎರಡು ತುಂಡು. ಕತ್ತರಿಸುವಾಗ ಬಟ್ಟೆಯ ಹಿಂಬದಿಯಿಂದ, ಬ್ಲೇಡಿನಲ್ಲಿ, ಬರೀ ನೇಯ್ಗೆ ಮಾತ್ರ ಕೊಯ್ಯಬೇಕು. ಮುಂಬದಿಯಿಂದ ಕತ್ತರಿ ಹಾಕಿದರೆ ಅಂಚಿನ ಕೂದಲೆಲ್ಲ ಮೊಟಕಾಗುತ್ತದೆ, ಮನೆ ತುಂಬಾ ನೂಲು ಹಾರುತ್ತದೆ, ಆಮೇಲೆ ಗುಡಿಸುವುದು ನಿಮ್ಮ ಪಾಲಿಗೆ. ಉದ್ದದ ಎರಡೂ ಅಂಚಿಗೆ ತೆಳು ವೆಲ್ಕ್ರೋ ಹೊಲಿಯಿರಿ, ಅಂಟು ಹಾಕಿದರೆ ಬೆವರಿಗೆ ಬಿಟ್ಟುಕೊಳ್ಳುತ್ತದೆ. ಕೂದಲಿನ ಮುಖ ಹೊರಗೆ ಬರುವ ಹಾಗೆ ಪಟ್ಟಿಯ ಸುತ್ತ ಸುತ್ತಿ, ವೆಲ್ಕ್ರೋ ಅಂಟಿಸಿ. ಅಷ್ಟೇ.

ಎಲ್ಲಿ ಕೂರಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಕಿವಿಯ ಮುಂದಿನ ಪಟ್ಟಿಗೇ ಹಾಕಬೇಕು. ಮೇಲಿನ ತುದಿ ಹೆಲ್ಮೆಟ್ ಅಂಚಿಗೆ ತಾಗಬೇಕು, ಕೆಳಗಿನ ತುದಿ ಕಿವಿಯ ಹಾಲೆ ದಾಟಬೇಕು, ಕೂದಲು ಕೆನ್ನೆಗೆ ತಾಗಿ ಒತ್ತಿರಬೇಕು. ಕೆನ್ನೆಗೂ ತುಪ್ಪುಳಿಗೂ ನಡುವೆ ಒಂದು ಬೆರಳು ಸಂದಿ ಬಿಟ್ಟರೂ ಗಾಳಿ ಅಲ್ಲೇ ನುಗ್ಗುತ್ತದೆ, ಆಗ ಹಾಕಿದ್ದೂ ದಂಡ. ಕಿವಿ ತೆರೆದೇ ಇರುತ್ತದೆ, ಯಾವ ಸದ್ದನ್ನೂ ಇದು ತಡೆಯುವುದಿಲ್ಲ. ಗಾಳಿಯನ್ನು ಮಾತ್ರ ನಿಧಾನ ಮಾಡುತ್ತದೆ. ಹೊರಗೆ ಶೂಟಿಂಗ್ ಮಾಡುವವರು ಮೈಕಿಗೆ ತುಪ್ಪುಳಿನ ಚೀಲ ಹಾಕುತ್ತಾರೆ ನೋಡಿ, ಅಲ್ಲಿ ನಡೆಯುವುದೂ ಇದೇ. ಸದ್ದು ಮಾಡದೆ ಹಾರುವ ಗೂಬೆಯ ರೆಕ್ಕೆಯ ಮೇಲೂ ಇಂಥದ್ದೇ ಮೃದು ರೋಮ, ಮುಂದಿನ ಅಂಚಿಗೆ ಬಾಚಣಿಗೆಯಂಥ ಹಲ್ಲು.

ನೋಡಲಿಕ್ಕೆ ಚೆನ್ನಾಗಿರುತ್ತದಾ ಅಂತ ಕೇಳಬೇಡಿ. ಕೆನ್ನೆಗೆ ಮೀಸೆ ಬಂದ ಹಾಗೆ ಕಾಣುತ್ತದೆ. ಕಪ್ಪು ಬಟ್ಟೆ ತಗೊಂಡರೆ ದೂರದಿಂದ ಅಷ್ಟು ಗೊತ್ತಾಗುವುದಿಲ್ಲ.

ಪಂಕ್ಚರ್_ಪುರಾಣ:

ಇನ್ನೊಂದು ಮಾತು. ಕೆಲವರು ಗಾಳಿ ಸದ್ದು ಅಂತ ಹೇಳುವುದು ಕಿವಿಯದ್ದೇ ಆಗಿರುವುದಿಲ್ಲ. ಭೋರ್ ಅಂದರೆ ಕಿವಿ. ಶಿಳ್ಳೆ ಹೊಡೆದ ಹಾಗೆ ಒಂದೇ ಸ್ವರ ಬಂದರೆ ಸೈಕಲ್ ನೋಡಿ. ಹ್ಯಾಂಡಲ್ ತುದಿಯ ಬಿರಡೆ ಬಿದ್ದುಹೋಗಿರುತ್ತದೆ, ಇಲ್ಲವೇ ಬಾಟಲ್ ಸ್ಟ್ಯಾಂಡ್ ತೆಗೆದ ಮೇಲೆ ಫ್ರೇಮಿನ ಸ್ಕ್ರೂ ತೂತು ಹಾಗೇ ಬಿಟ್ಟಿರುತ್ತಾರೆ, ಗಾಳಿ ಅದನ್ನು ಕೊಳಲು ಊದಿದ ಹಾಗೆ ಊದುತ್ತದೆ. ಒಂದು ಸ್ಕ್ರೂ ಹಾಕಿದರೆ ಕಥೆ ಮುಗಿಯಿತು. ಪಟಪಟ ಅನ್ನುವುದಾದರೆ ಜಾಕೆಟ್ ಸಡಿಲ ಇದೆ ಅಥವಾ ಬ್ಯಾಗಿನ ಪಟ್ಟಿ ಹಾರುತ್ತಿದೆ ಅಂತ ಅರ್ಥ. ತಲೆ ಪಕ್ಕಕ್ಕೆ ತಿರುಗಿಸಿ ನೋಡಿ. ಸದ್ದು ಬದಲಾದರೆ ಕಿವಿಯದ್ದು, ಬದಲಾಗದಿದ್ದರೆ ಸೈಕಲ್ಲಿನದ್ದು.

ನಿಧಾನವೇ_ಸರಿ:

ಇಷ್ಟೆಲ್ಲ ಹೊಲಿಗೆ ಯಾಕೆ? ನಾನು ತೆಳುವಾದ ಹೆಡ್‌ಬ್ಯಾಂಡ್ ಕಿವಿ ಮೇಲೆ ಎಳೆದುಕೊಳ್ಳುತ್ತೇನೆ, ಚಳಿಗೂ ಆಯಿತು, ಸದ್ದಿಗೂ ಆಯಿತು. ಸೆಕೆ ಇದ್ದರೆ ಕಿವಿಗೆ ಫೋಮ್ ಪ್ಲಗ್. ಬೈಕ್ ಓಡಿಸುವವರೆಲ್ಲ ಹಾಕುತ್ತಾರೆ, ಅವರಿಗೆ ಆಗದ್ದು ನಮಗೆ ಏನಾಗುತ್ತದೆ?

ಮೂರನೇ_ಗೇರ್:

ಹೆಡ್‌ಬ್ಯಾಂಡ್ ಒಪ್ಪುತ್ತೇನೆ, ಚಳಿಯಲ್ಲಿ ಅದಕ್ಕಿಂತ ಸುಲಭದ್ದು ಇಲ್ಲ. ದಪ್ಪ ಉಣ್ಣೆಯದ್ದು ಬೇಡ, ಅದು ಗಾಳಿಯ ಜೊತೆ ಉಳಿದ ಸದ್ದನ್ನೂ ನುಂಗುತ್ತದೆ. ಬಟ್ಟೆ ಮೂಗಿಗೆ ಅಡ್ಡ ಹಿಡಿದರೆ ಸಲೀಸಾಗಿ ಉಸಿರಾಡುವ ಹಾಗಿರಬೇಕು. ಕಿವಿಯ ಮೇಲ್ಭಾಗ ಮುಂದಿನ ಭಾಗ ಮುಚ್ಚಿದರೂ ಸಾಕು, ಪೂರ್ತಿ ಮುಚ್ಚಬೇಕು ಅಂತೇನಿಲ್ಲ. ಕೂದಲು ಉದ್ದ ಬಿಟ್ಟವರಿಗೆ ಕಿವಿ ಮೇಲೆ ಕೂದಲು ಇಳಿಬಿಟ್ಟರೇ ಎಷ್ಟೋ ಇಳಿಯುತ್ತದೆ, ನಮ್ಮಂಥವರಿಗೆ ಆ ಭಾಗ್ಯ ಇಲ್ಲ.

ಪ್ಲಗ್ ಮಾತ್ರ ನಾನು ಒಪ್ಪುವುದಿಲ್ಲ. ಬೈಕಿನವರು ಗಾಡಿಗಳ ಜೊತೆಜೊತೆಗೇ, ಅವುಗಳ ವೇಗದಲ್ಲೇ ಹೋಗುತ್ತಾರೆ, ಅವರಿಗೆ ಎರಡು ಕನ್ನಡಿ ಇದೆ. ನಮ್ಮನ್ನು ಎಲ್ಲರೂ ಹಿಂದಿನಿಂದ ಬಂದು ದಾಟಿಕೊಂಡೇ ಹೋಗುವುದು. ನಮ್ಮ ಪಾಲಿಗೆ ಹಿಂದಿನ ಕಣ್ಣು ಕಿವಿಯೇ ಅಲ್ವಾ?

ಸದ್ದು_ಗದ್ದಲ:

ಪ್ಲಗ್ ವಿಷಯದಲ್ಲಿ ಇಬ್ಬರೂ ಅರ್ಧರ್ಧ ಸರಿ.

ಫೋಮ್ ಪ್ಲಗ್ ಸರಿಯಾಗಿ ಕೂತರೆ 30 ಡೆಸಿಬಲ್ ತನಕ ತಗ್ಗಿಸುತ್ತದೆ. ಆದರೆ ಅದು ಮೇಲಿನ ಸ್ವರಗಳನ್ನು ಜಾಸ್ತಿ ನುಂಗುತ್ತದೆ, ತಗ್ಗಿನವನ್ನು ಕಡಿಮೆ. ನಮಗೆ ಬೇಡವಾದ್ದು ತಗ್ಗಿನದು, ಬೇಕಾದ್ದು ಮೇಲಿನದು. ಸರಿಯಾಗಿ ಉಲ್ಟಾ. ಸಂಗೀತಗಾರರು ಹಾಕುವ ಫಿಲ್ಟರ್ ಪ್ಲಗ್ ಬೇರೆ, ಅದು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ, 10ರಿಂದ 20 ಡೆಸಿಬಲ್ ಇಳಿಸುತ್ತದೆ. ಕಿವಿಗೆ ಆರಾಮ. ಆದರೆ ಅಲ್ಲೂ ಗಾಳಿ ಎಷ್ಟು ಇಳಿಯಿತೋ ಕಾರಿನ ಸದ್ದೂ ಅಷ್ಟೇ ಇಳಿಯಿತು. ಗಾಳಿಯ ಕೆಳಗೆ ಹೂತುಹೋಗಿದ್ದ ಕಾರು ಹೂತೇ ಇರುತ್ತದೆ. ತುಪ್ಪುಳಿನ ವಿಷಯ ಹಾಗಲ್ಲ, ಅದು ಗಾಳಿ ಸದ್ದು ಹುಟ್ಟುವುದನ್ನೇ ತಡೆಯುತ್ತದೆ, ಕಾರಿನ ಸದ್ದಿಗೆ ಕೈ ಹಾಕುವುದಿಲ್ಲ. ಹಾಗಾಗಿ ಮೊದಲು ಪಟ್ಟಿ, ಆಮೇಲೆ ತುಪ್ಪುಳು, ಅದೂ ಸಾಲದೆ ಕಿವಿ ಗುಂಯ್ ಅನ್ನುತ್ತಿದ್ದರೆ, ಗಾಡಿಗಳ ಕಾಟ ಇಲ್ಲದ ಉದ್ದನೆಯ ರಸ್ತೆಯಲ್ಲಿ ಮಾತ್ರ ಫಿಲ್ಟರ್ ಪ್ಲಗ್. ಕಿವಿ ಮುಚ್ಚಿಕೊಂಡು ಓಡಿಸುವುದನ್ನು ಕೆಲವು ದೇಶಗಳಲ್ಲಿ ಕಾನೂನೇ ಒಪ್ಪುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಇಯರ್‌ಬಡ್ ಡಬ್ ಡಬ್ ಅಂದದ್ದಕ್ಕೆ ಉತ್ತರ ಉಳಿದಿತ್ತು. ಶಬ್ದ ತಗ್ಗಿಸುವ ಇಯರ್‌ಬಡ್‌ಗೆ ಹೊರಗಡೆ ಒಂದು ಮೈಕ್ ಇರುತ್ತದೆ. ಅದು ಹೊರಗಿನ ಸದ್ದು ಕೇಳಿಸಿಕೊಂಡು, ಅದರ ಉಲ್ಟಾ ಅಲೆ ಮಾಡಿ, ಕಿವಿಯೊಳಗೆ ಬಿಡುತ್ತದೆ. ವಿಮಾನದ ಮೊರೆತಕ್ಕೆ ಇದು ಸರಿ. ಗಾಳಿಯ ಸುಳಿ ಹಾಗಲ್ಲ, ಅದು ಮೈಕಿನ ಬಾಯಿಗೇ ನೇರ ಬಡಿಯುತ್ತದೆ. ಕಿವಿಯೊಳಗೆ ಇಲ್ಲದೇ ಇರುವ ಸದ್ದನ್ನು ಮೈಕ್ ಇದೆ ಅಂತ ತಿಳಿದು, ಅದಕ್ಕೆ ಉಲ್ಟಾ ಅಲೆ ಕಳಿಸುತ್ತದೆ. ನಿಮಗೆ ಕೇಳಿದ ಡಬ್ ಡಬ್ ಅದೇ, ಇಯರ್‌ಬಡ್ಡೇ ಮಾಡಿದ ಸದ್ದು. ಹೊರಗಿನ ಸದ್ದು ಒಳಗೆ ಬಿಡುವ ಮೋಡ್ ಇನ್ನೂ ಕೆಟ್ಟದ್ದು, ಗಾಳಿಯನ್ನೇ ದೊಡ್ಡದು ಮಾಡಿ ಕೇಳಿಸುತ್ತದೆ. ಕೆಲವದರಲ್ಲಿ ಗಾಳಿ ತಗ್ಗಿಸುವ ಆಯ್ಕೆ ಇರುತ್ತದೆ, ಅದನ್ನು ಒತ್ತಿದರೆ ಹೆಚ್ಚಿನವು ಹೊರಗಿನ ಮೈಕನ್ನೇ ಪಕ್ಕಕ್ಕಿಡುತ್ತವೆ.

ಮೂಳೆಯ ಮೂಲಕ ಕೇಳಿಸುವ ಹೆಡ್‌ಫೋನ್ ತಗೊಳ್ಳಬೇಕು ಅಂತ ಇದ್ದವರಿಗೂ ಒಂದು ಮಾತು. ಅದು ಕಿವಿ ತೆರೆದಿಡುತ್ತದೆ, ಒಳ್ಳೆಯದೇ. ಆದರೆ ಗಾಳಿ ಸದ್ದೂ ಪೂರ್ತಿ ಒಳಗೆ ಬರುತ್ತದೆ. 30 ದಾಟಿದ ಮೇಲೆ ಮಾತು ಕೇಳಿಸದೆ ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ. ಗಾಳಿ ಸದ್ದಿನ ಮೇಲೆ ಇನ್ನೊಂದು ಸದ್ದು ಪೇರಿಸಿದ ಹಾಗಾಯಿತು.

ನಿಧಾನವೇ_ಸರಿ:

ಸರಿ ಸರ್, ಫೋಮ್ ಪ್ಲಗ್ ವಾಪಸ್ ತಗೊಂಡೆ :) ಕನ್ನಡಿ ಮಾತು ಬಂತಲ್ಲ, ಅದಕ್ಕೆ ಮಾತ್ರ ನನ್ನ ಓಟು. ಹ್ಯಾಂಡಲ್ ತುದಿಗೆ ಸಿಕ್ಕಿಸುವ ಸಣ್ಣ ಉಬ್ಬುಗನ್ನಡಿ ಒಂದು ಹಾಕಿಕೊಳ್ಳಿ. ಉಬ್ಬುಗನ್ನಡಿಯಲ್ಲಿ ಗಾಡಿ ಇರುವುದಕ್ಕಿಂತ ದೂರ ಕಾಣುತ್ತದೆ, ಅದೊಂದು ನೆನಪಿರಲಿ, ಕಣ್ಣಿಗೆ ಬೇಗ ರೂಢಿಯಾಗುತ್ತದೆ. ರಾಡಾರ್ ಇರುವ ಹಿಂದೀಪವೂ ಬರುತ್ತದೆ, ಗಾರ್ಮಿನ್ ವೇರಿಯಾ ತರಹದ್ದು, 140 ಮೀಟರ್ ದೂರದಿಂದಲೇ ಹಿಂದೆ ಗಾಡಿ ಬರುತ್ತಿದೆ ಅಂತ ಬೀಪ್ ಕೊಡುತ್ತದೆ. ದುಬಾರಿ. ಬಳಸುವವರು ಅದಿಲ್ಲದೆ ಹೊರಡುವುದಿಲ್ಲ ಅನ್ನುತ್ತಾರೆ.

ಕಿವಿ ಎಷ್ಟೇ ಸರಿ ಮಾಡಿಕೊಂಡರೂ ಎಲೆಕ್ಟ್ರಿಕ್ ಕಾರು ಬಂದಾಗ ಅದೂ ಸಾಲುವುದಿಲ್ಲ. ಯುರೋಪಿನಲ್ಲಿ 2021ರ ಜುಲೈಯಿಂದ ಹೊಸ ಎಲೆಕ್ಟ್ರಿಕ್ ಕಾರುಗಳು ನಿಧಾನ ಹೋಗುವಾಗ ಕೃತಕ ಸದ್ದು ಮಾಡಲೇಬೇಕು ಅಂತ ನಿಯಮ ಇದೆ, ಆದರೆ ಅದು 20 ಕಿಮೀ ವೇಗದವರೆಗೆ ಮಾತ್ರ. ಅದಕ್ಕಿಂತ ಮೇಲೆ ಟೈರ್ ಸದ್ದನ್ನೇ ನಂಬಿಕೊಂಡಿರಬೇಕು.

ಎದುರುಗಾಳಿ:

ತುಪ್ಪುಳಿನ ಬಟ್ಟೆ ಸಿಕ್ಕಿತು, ಕಂದು ಬಣ್ಣದ್ದು, ಕಪ್ಪು ಸಿಗಲಿಲ್ಲ. ನೀವು ಹೇಳಿದ ಹಾಗೇ ಹಿಂಬದಿಯಿಂದ ಬ್ಲೇಡಿನಲ್ಲಿ ಕೊಯ್ದೆ. ಎಡಗಡೆ ಚೆನ್ನಾಗಿ ಕೂತಿದೆ, ಆ ಕಡೆ ನಿಜವಾಗಲೂ ಟೈರ್ ಸದ್ದು ಮತ್ತೆ ಕೇಳಿಸುತ್ತಿದೆ, 30ರಲ್ಲೂ. ಬಲಗಡೆ ಮಾತ್ರ ಓಡಿಸುತ್ತ ಓಡಿಸುತ್ತ ಕೆಳಗೆ ಜಾರುತ್ತದೆ, ಅರ್ಧ ದಾರಿಯಲ್ಲಿ ಗದ್ದದ ಹತ್ತಿರ ಇರುತ್ತದೆ. ಏನು ಮಾಡಲಿ? ಮತ್ತೆ ಮಳೆಯಲ್ಲಿ, ಬೆವರಿನಲ್ಲಿ ನೆನೆದರೆ ಹೇಗೆ? ಅಡ್ಡಗಾಳಿಗೂ ಅಷ್ಟು ಉಪಯೋಗ ಕಾಣಲಿಲ್ಲ.

ಉಬ್ಬುತಗ್ಗು:

ಜಾರುವುದಕ್ಕೆ: ವೆಲ್ಕ್ರೋ ಅಂಟಿಸುವ ಮುಂಚೆ ಪಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ, ತೋಳು ಅದರ ಮೇಲೆ ಬರಲಿ. ಜಾರುವುದಿಲ್ಲ. ಕ್ಲಿಪ್ ಮತ್ತೆ ಕೆಳಗೆ ಇಳಿದಿದೆಯಾ ಅಂತಲೂ ನೋಡಿ, ಬಲಗಡೆಯೇ ಮತ್ತೆ ಮತ್ತೆ ಆಗುತ್ತಿದ್ದರೆ ಆ ಕ್ಲಿಪ್ಪಿನ ಹಿಡಿತವೇ ಸಡಿಲ ಇರಬೇಕು. ಕ್ಲಿಪ್ಪಿನ ಕೆಳಗೂ ಒಂದು ರಬ್ಬರ್ ಬ್ಯಾಂಡ್ ಹಾಕಿದರೆ ಅದೂ ನಿಲ್ಲುತ್ತದೆ.

ನೆನೆದರೆ ಕೂದಲೆಲ್ಲ ಒಂದಕ್ಕೊಂದು ಅಂಟಿ ಜಡೆಗಟ್ಟುತ್ತದೆ, ಆಗ ಕೆಲಸ ಮಾಡುವುದಿಲ್ಲ. ಜೋರು ಮಳೆಯಲ್ಲಿ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ, ಮಳೆ ಸದ್ದಿನಲ್ಲಿ ಹೇಗೂ ಏನೂ ಕೇಳುವುದಿಲ್ಲ. ಬೆವರಿಗೆ, ತಣ್ಣೀರಲ್ಲಿ ಸ್ವಲ್ಪ ಶಾಂಪೂ ಹಾಕಿ ಕೈಯಲ್ಲೇ ಹಿಂಡದೆ ತೊಳೆದು, ನೆರಳಲ್ಲಿ ಒಣಗಿಸಿ, ಹಳೇ ಟೂತ್‌ಬ್ರಷ್‌ನಲ್ಲಿ ಬಾಚಿದರೆ ಮತ್ತೆ ಉಬ್ಬಿ ನಿಲ್ಲುತ್ತದೆ. ಬಿಸಿನೀರು, ಇಸ್ತ್ರಿ ಎರಡೂ ಬೇಡ, ಕೂದಲು ಪ್ಲಾಸ್ಟಿಕ್ಕಿನದು, ಸುರುಟಿಹೋಗುತ್ತದೆ.

ಅಡ್ಡಗಾಳಿಗೆ ಮುಂದಿನ ಪಟ್ಟಿ ಒಂದೇ ಸಾಲದು, ಸುಳಿ ಕಿವಿಯ ಹಿಂದಿನಿಂದಲೂ ಬರುತ್ತದೆ. ಹಿಂದಿನ ಪಟ್ಟಿಗೂ ಒಂದೊಂದು ಸಣ್ಣ ತುಂಡು ಸುತ್ತಿ, ಕಿವಿ ಎರಡರ ನಡುವೆ ಕೂತ ಹಾಗೆ. ಹಾಗೆ ಹಾಕಿದಾಗ ಸೆಕೆ ಸ್ವಲ್ಪ ಜಾಸ್ತಿಯೇ, ನಾನು ಗಾಳಿ ಕಾಲದಲ್ಲಿ ಮಾತ್ರ ಹಾಕುತ್ತೇನೆ. ಕಂದು ಬಣ್ಣದ ಬಗ್ಗೆ ಯೋಚನೆ ಬೇಡ, ನನ್ನದು ಬಿಳಿ, ಈಗ ಯಾವ ಬಣ್ಣ ಅಂತ ನನಗೂ ಹೇಳಲಿಕ್ಕೆ ಆಗುವುದಿಲ್ಲ.